ನೂರ ಹದಿನೇಳನೇ ಹಾಳೆಯ ನೆರಳು

"ಮುಟ್ಟಬೇಡಿ ಅಮ್ಮಾ! ಕೈ ಹಿಂದೆ ಕಟ್ಟಿಕೊಂಡು ನೋಡಿ."

ಹಾಳೆ ಮೇಷ್ಟ್ರು ಗದರಿದ್ದಕ್ಕೆ ದೊಡ್ಡಮ್ಮ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡಳು. ಆದರೆ ಮೂಗನ್ನು ಯಾರೂ ಕಟ್ಟಿಹಾಕಿರಲಿಲ್ಲವಲ್ಲ. ಮೇಜಿನ ಮೇಲೆ ಬಗ್ಗಿ, ಹಾಳೆಗೆ ಇನ್ನೇನು ಮೂಗು ತಾಗಬೇಕು ಅನ್ನುವಷ್ಟು ಹತ್ತಿರ ಹೋಗಿ, ಒಮ್ಮೆ ದೀರ್ಘವಾಗಿ ಮೂಸಿದಳು.

"ಅದೇನು ಮಲ್ಲಿಗೆನಾ, ಮೂಸೋಕೆ?" ಎಂದರು ಮೇಷ್ಟ್ರು.

"ಅಲ್ಲ, ಅಂಟು," ಎಂದಳು ದೊಡ್ಡಮ್ಮ, ಮತ್ತೊಮ್ಮೆ ಮೂಸಿ.

ಅದು ಒಣಗಿಡಗಳ ಕೋಣೆ. ನೆಲದಿಂದ ಸೂರಿನವರೆಗೆ ಕಬ್ಬಿಣದ ಬೀರುಗಳು, ಬೀರುಗಳ ತುಂಬ ಅಗಲವಾದ ಹಾಳೆಗಳು, ಹಾಳೆಗೊಂದು ಒತ್ತಿ ಒಣಗಿಸಿದ ಗಿಡ, ಗಿಡಕ್ಕೊಂದು ಚೀಟಿ. ಫೋನಿಗೆ ಒಳಗೆ ಪ್ರವೇಶವಿಲ್ಲ. ಬಾಗಿಲ ಪಕ್ಕದ ಮರದ ಗೂಡಿನಲ್ಲಿಟ್ಟೇ ಬರಬೇಕು. ಈ ಕೋಣೆಗೆ ಮೇಷ್ಟ್ರೇ ದೊರೆ, ಮೇಷ್ಟ್ರೇ ಕಾವಲುಗಾರ. ಗಿಡವನ್ನು ಹಾಳೆಗೆ ಅಂಟಿಸುವುದು, ದಪ್ಪ ಕಾಂಡವಾದರೆ ಸೂಜಿ ದಾರದಿಂದ ಹೊಲಿಯುವುದು, ಎಲ್ಲ ಅವರ ಕೈಯಲ್ಲೇ ಆಗಬೇಕು. ಬಂದವರಿಗೆಲ್ಲ ಹಾಳೆಯ ಪಾಠ ಹೇಳಿ ಹೇಳಿ ಅವರಿಗೆ ಆ ಹೆಸರು ಬಂದಿತ್ತು.

ಮೇಜಿನ ಆಚೆ ಕೂತಿದ್ದವಳು ದೊಡ್ಡಮ್ಮನ ತಂಗಿಯ ಮಗಳು. ವಯಸ್ಸು ಮೂವತ್ತು ದಾಟಿತ್ತು. ಕಳ್ಳಿ ಕುಟುಂಬದ ಗಿಡಗಳ ಡಿಎನ್‌ಎ ಓದಿ, ಯಾವುದು ಯಾವುದಕ್ಕೆ ಅಕ್ಕ, ಯಾವುದು ಯಾವುದಕ್ಕೆ ದೂರದ ದಾಯಾದಿ ಎಂದು ಮೂರು ವರ್ಷದಿಂದ ವಂಶವೃಕ್ಷ ಬರೆಯುತ್ತಿದ್ದಳು. ಏನಾದರೇನು, ಮನೆಯಲ್ಲಿ ಅವಳು ಇನ್ನೂ ಮರಿಯೇ.

ಆ ಮರಿಗೆ ನಿನ್ನೆಯಿಂದ ಒಂದು ತುತ್ತು ಗಂಟಲಲ್ಲಿ ಇಳಿದಿರಲಿಲ್ಲ. ನಿರ್ದೇಶಕರು ಎಲ್ಲರೆದುರು 'ನೀನು ಸುಳ್ಳು ಫಲಿತಾಂಶ ಹುಟ್ಟಿಸಿದ್ದೀಯ' ಎಂದುಬಿಟ್ಟಿದ್ದರು. ನಾಳೆ ಬೆಳಿಗ್ಗೆ ಹನ್ನೊಂದಕ್ಕೆ ಅವರದೇ ಅಧ್ಯಕ್ಷತೆಯ ಸಮಿತಿ ತೀರ್ಪು ಕೊಡಲಿತ್ತು. ತೀರ್ಪು ತಿರುಗಿಬಿದ್ದರೆ ಮೂರು ವರ್ಷದ ವಂಶವೃಕ್ಷ ಬುಡಸಮೇತ ಹೋಗುತ್ತದೆ, ಕೆಲಸವೂ ಹೋಗುತ್ತದೆ. ಹೆಸರಿಗೆ ಹತ್ತಿದ ಮಸಿ ಮಾತ್ರ ಹೋಗುವುದಿಲ್ಲ.

ಊಟದ ಡಬ್ಬಿ ಕೊಡುವ ನೆಪ ಹೇಳಿ ದೊಡ್ಡಮ್ಮ ಒಳಗೆ ಬಂದದ್ದು ಹೀಗೆ. ಡಬ್ಬಿ ಹೊರಗೆ ಮೊಬೈಲುಗಳ ಜೊತೆ ಗೂಡಿನಲ್ಲಿ ತಣ್ಣಗೆ ಕೂತಿತ್ತು.

"ಇನ್ನೊಂದು ಸಲ ಹೇಳು ಮರಿ. ನಿಧಾನಕ್ಕೆ ಹೇಳು. ನನಗೆ ಅರ್ಥವಾದ್ರೆ ಸಮಿತಿಯವರಿಗೂ ಅರ್ಥವಾಗುತ್ತೆ."

ಮರಿ ಮೂಗು ಒರೆಸಿಕೊಂಡಳು. "ಬೆರಳು ದಪ್ಪದ ಕಾಂಡ ಇರೋ ಕಳ್ಳಿಗಳು ಬಹಳ ಇವೆ ದೊಡ್ಡಮ್ಮ. ಎಲೆ ಇಲ್ಲ, ಬರೀ ಹಸಿರು ಕಡ್ಡಿ. ನೋಡೋಕೆ ಒಂದೇ ಥರ ಇವೆ ಅಂತ ಎಲ್ಲವನ್ನೂ ಒಂದೇ ಗುಂಪಿಗೆ ಹಾಕಿದ್ರು. ಆದರೆ ನೀರಿಲ್ಲದ ಕಡೆ ಬದುಕಬೇಕಾದ್ರೆ ಯಾವ ಗಿಡವಾದ್ರೂ ಎಲೆ ಬಿಟ್ಟು ಮೈ ದಪ್ಪ ಮಾಡಿಕೊಳ್ಳುತ್ತೆ. ಮುಖ ಒಂದೇ ಇದ್ದ ಮಾತ್ರಕ್ಕೆ ಅಣ್ಣತಮ್ಮಂದಿರು ಅನ್ನೋಕಾಗಲ್ಲ. ಒಳಗೆ, ಡಿಎನ್‌ಎನಲ್ಲಿ ನೋಡಬೇಕು."

"ಗೊತ್ತಾಯ್ತು. ಕಪ್ಪು ಪೆಟ್ಟಿಗೆ."

ರೈಲು ನಿಲ್ದಾಣದ ಕಳೆದ ಸಾಮಾನಿನ ಕಚೇರಿಯಲ್ಲಿ ದೊಡ್ಡಮ್ಮ ಮೂವತ್ತೊಂದು ವರ್ಷ ಕೂತಿದ್ದವಳು. ಒಂದೇ ದಿನ ಹನ್ನೆರಡು ಕಪ್ಪು ಪೆಟ್ಟಿಗೆ ಬರುತ್ತಿದ್ದವು. ಹನ್ನೆರಡು ಜನ ಬಂದು 'ಕಪ್ಪು ಪೆಟ್ಟಿಗೆ, ಚಕ್ರ ಇದೆ' ಎನ್ನುತ್ತಿದ್ದರು. ತೆರೆದರೆ ಒಂದರಲ್ಲಿ ಕೊಳಲು, ಇನ್ನೊಂದರಲ್ಲಿ ಯಾರದೋ ಹಲ್ಲುಸೆಟ್ಟು. ಹೊರಗಿನ ಬಣ್ಣ ನಂಬಿ ಅವಳು ಯಾವತ್ತೂ ಪೆಟ್ಟಿಗೆ ಕೊಟ್ಟವಳಲ್ಲ.

"ಈ ನೂರ ಹದಿನೇಳನೇ ಹಾಳೆಯ ಗಿಡ ಮಾತ್ರ ಒಂಟಿಯಾಗಿ ಬಂತು," ಎಂದಳು ಮರಿ. "ನನ್ನ ಮರದಲ್ಲಿ ಅದಕ್ಕೊಂದು ಬೇರೆಯದೇ ಕೊಂಬೆ. ಹತ್ತಿರದ ನೆಂಟರೇ ಇಲ್ಲ. ನಮ್ಮ ನಿರ್ದೇಶಕ ಸಾಹೇಬರ ದಪ್ಪ ಪುಸ್ತಕದಲ್ಲಿ ಅದು ಬೆರಳುಕಳ್ಳಿಗಳ ಸಾಲಲ್ಲಿ ಇದೆ. ಇಪ್ಪತ್ತು ವರ್ಷದಿಂದ ಎಲ್ಲರೂ ಅದನ್ನೇ ಓದ್ತಾರೆ."

"ಅದಕ್ಕೇ ಕೋಪನಾ?"

"ಅದನ್ನ ಬಾಯಿಬಿಟ್ಟು ಹೇಳಲ್ಲ. ಅವರು ಹಿಡಿದಿರೋದು ಬೇರೆ. ಹಳೇ ಒಣಗಿಡದಲ್ಲಿ ಡಿಎನ್‌ಎ ಚೂರುಚೂರಾಗಿರುತ್ತೆ. ನನಗೆ ಸಿಕ್ಕಿದ್ದು ಉದ್ದುದ್ದ, ಹೊಸದರ ಥರ. ಅದರ ಮೇಲೆ ಈ ಚೀಟಿ ನೋಡು."

ಹಾಳೆಯ ಬಲಮೂಲೆಯಲ್ಲಿ ಕಂದಿದ ಚೀಟಿ. ಅದರ ಮೇಲೆ ನಲವತ್ತೊಂದು ವರ್ಷದ ಹಿಂದಿನ ತಾರೀಕು. ಕೆಳಗೆ ಓರೆ ಅಕ್ಷರದಲ್ಲಿ: ಬೆಟ್ಟದ ಬಂಡೆ ಸಂದು. ಒಂದೇ ಗಿಡ. ಕುದಿಸಿ ಒತ್ತಿದ್ದು.

"ಕುದಿಸಿ? ಗಿಡವನ್ನ?"

ಪಾಠ ಹೇಳುವ ಅವಕಾಶ ಸಿಕ್ಕರೆ ಮೇಷ್ಟ್ರು ಬಿಡುವವರಲ್ಲ. "ಕಳ್ಳಿ ಬಹಳ ಹಠಮಾರಿ ಅಮ್ಮಾ. ಕಾಗದದ ಮಧ್ಯೆ ಇಟ್ಟು, ಹಲಗೆ ಇಟ್ಟು, ಕಲ್ಲು ಹೇರಿದರೂ ಸಾಯಲ್ಲ. ತಿಂಗಳು ಬಿಟ್ಟು ಬಿಚ್ಚಿದರೆ ಒಳಗೇ ಚಿಗುರಿರುತ್ತೆ! ಅದಕ್ಕೇ ಮೊದಲು ಕುದಿಯೋ ನೀರಲ್ಲಿ ಅದ್ದಿ ಕೊಲ್ಲೋದು. ಈ ಗಿಡ ಮತ್ತೆ ಸಿಗಲಿಲ್ಲ. ಆ ಬೆಟ್ಟವನ್ನೇ ಒಡೆದು ಜಲ್ಲಿ ಮಾಡಿಬಿಟ್ಟರು."

"ಕುದಿಸಿದ ಮೇಲೆ ಡಿಎನ್‌ಎ ಇನ್ನೂ ಹಾಳಾಗಿರಬೇಕು," ಎಂದಳು ಮರಿ. "ಹಾಗಾದ್ರೆ ಇಷ್ಟು ಉದ್ದದ್ದು ಎಲ್ಲಿಂದ ಬಂತು, ಬೇಕಂತಲೇ ಬೇರೆ ಗಿಡದ ಚೂರು ಹಾಕಿದ್ದೀಯ ಅಂತಾರೆ ಸಾಹೇಬರು. ನಾನೇ ಈ ಕೈಯಾರೆ ಈ ಹಾಳೆಯಿಂದ ಉಗುರಿನಷ್ಟು ಕತ್ತರಿಸಿದ್ದು ದೊಡ್ಡಮ್ಮ! ಫಲಿತಾಂಶ ಅಷ್ಟು ಚೆನ್ನಾಗಿ ಬಂತಲ್ಲ ಅಂತ ಕುಣಿದುಬಿಟ್ಟೆ. ಯಾಕೆ ಅಷ್ಟು ಚೆನ್ನಾಗಿ ಬಂತು ಅಂತ ಕೇಳಲಿಲ್ಲ. ಚೀಟಿಯ ಕೊನೇ ಸಾಲು ಓದಲೂ ಇಲ್ಲ."

ಅವಳ ಕಣ್ಣು ಮತ್ತೆ ತುಂಬಿತು. ದೊಡ್ಡಮ್ಮ ಕುರ್ಚಿ ಎಳೆದು ಅವಳ ಪಕ್ಕ ಕೂತಳು.

"ನೋಡು ಮರಿ. ನೀನು ಐದು ವರ್ಷದವಳಿದ್ದಾಗ ಡಬ್ಬಿಯಿಂದ ಸಕ್ಕರೆ ಕದ್ದೆ. ಯಾರೂ ನೋಡಿರಲಿಲ್ಲ. ತುಟಿ ಒರೆಸಿಕೊಳ್ಳದೆ ಬಂದು ನೀನೇ ಹೇಳಿದೆ. ನಿನಗೆ ಸುಳ್ಳು ಹೇಳೋಕೆ ಬರಲ್ಲ. ನಿನ್ನ ಯಂತ್ರಕ್ಕೆ ನಿನ್ನಷ್ಟೂ ಬರಲ್ಲ. ಹಾಗಾದ್ರೆ ಸುಳ್ಳು ಹೇಳ್ತಾ ಇರೋದು ಯಾರು? ಉಳಿದಿದ್ದು ಈ ಹಾಳೆ ಒಂದೇ."

ಮೇಷ್ಟ್ರು ಎದ್ದು ಹೋಗಿ, ಮೊದಲೇ ಮುಚ್ಚಿದ್ದ ಬೀರುವಿನ ಬಾಗಿಲನ್ನು ಇನ್ನೊಮ್ಮೆ ಮುಚ್ಚಿದರು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ದೊಡ್ಡಮ್ಮ ಅದನ್ನು ಕಂಡೂ ಕಾಣದವಳ ಹಾಗೆ ಸುಮ್ಮನಿದ್ದಳು.

ಅಷ್ಟರಲ್ಲಿ ಬಾಗಿಲು ತಳ್ಳಿಕೊಂಡು ಚಹಾ ತಟ್ಟೆ ಬಂತು. ತಟ್ಟೆಯ ಹಿಂದೆ ಮಾಲಿ ಬಂದ. ಗಾಜಿನಮನೆಯ ಕಳ್ಳಿಗಳನ್ನೆಲ್ಲ ಸಾಕುವವನು ಅವನೇ. ಮುಖದ ಮೇಲೆ ಕಪ್ಪು ಕನ್ನಡಕ.

ಮರಿ ದೊಡ್ಡಮ್ಮನ ಕಿವಿಗೆ ಬಗ್ಗಿದಳು. "ದೊಡ್ಡಮ್ಮ, ಕಳ್ಳಿ ಕಡಿದರೆ ಹಾಲು ಸಿಡಿಯುತ್ತೆ. ಕಣ್ಣಿಗೆ ಬಿದ್ರೆ..."

"ಮಾಲಿಯಪ್ಪ, ಕನ್ನಡಕ ಚೆನ್ನಾಗಿದೆ. ಸ್ವಲ್ಪ ತೆಗಿ ನೋಡೋಣ," ಎಂದಳು ದೊಡ್ಡಮ್ಮ.

ಮಾಲಿ ತೆಗೆದ. ಎರಡೂ ಕಣ್ಣು ಕೆಂಡದ ಹಾಗಿದ್ದವು. "ಹತ್ರ ಬರಬೇಡಿ ಅಮ್ಮ, ಕಣ್ಣುಬೇನೆ! ಮೊದಲು ಮಗಳಿಗೆ ಬಂತು, ಆಮೇಲೆ ಹೆಂಡತಿಗೆ, ಮೊನ್ನೆಯಿಂದ ನನಗೆ. ಬೆಳಿಗ್ಗೆ ಎದ್ರೆ ರೆಪ್ಪೆ ಅಂಟಿಕೊಂಡಿರುತ್ತೆ. ಮನೇಲಿ ಉಳಿದಿರೋದು ಅತ್ತೆ ಒಬ್ಬರೇ. ಅವರು ದಿನಾ ನನ್ನನ್ನ ನೋಡಿ ಬಾಗಿಲು ಹಾಕ್ಕೋತಾರೆ."

"ಅದು ಮೊದಲಿನಿಂದಲೂ ಹಾಗೇನಾ, ಕಣ್ಣುಬೇನೆ ಬಂದ ಮೇಲಾ?"

ಮಾಲಿ ನಗುತ್ತಾ ಚಹಾ ಇಟ್ಟು ಹೋದ. ಮರಿ ತಲೆಯಾಡಿಸಿದಳು. "ಅಲ್ಲ, ಇದು ಹಾಲಿನದಲ್ಲ. ಹಾಲು ಬಿದ್ರೆ ಯಾವ ಕಣ್ಣಿಗೆ ಸಿಡೀತೋ ಅದೊಂದೇ. ಮೂರು ದಿನ ಕಾಯಲ್ಲ, ಬಿದ್ದ ಗಳಿಗೆಯಿಂದಲೇ ಬೆಂಕಿ ಇಟ್ಟ ಹಾಗೆ. ನೀರು ಸುರಿದುಕೊಂಡೇ ಇರಬೇಕು."

"ಸರಿ, ಬೆಳ್ಳಗಿರೋದೆಲ್ಲ ಹಾಲಲ್ಲ, ಕೆಂಪಗಿರೋದೆಲ್ಲ ಕಳ್ಳನ ಕಣ್ಣಲ್ಲ," ಎಂದು ದೊಡ್ಡಮ್ಮ ಚಹಾ ಹೀರಿದಳು. "ಈಗ ಆ ಹಾಳೆಯನ್ನ ಕಿಟಕಿ ಬೆಳಕಿಗೆ ಓರೆ ಮಾಡಿ ಹಿಡಿ. ನಿನಗೆ ಮುಟ್ಟೋ ಅಧಿಕಾರ ಇದೆಯಲ್ಲ?"

"ಕತ್ತರಿ ಮಾತ್ರ ತಾಗಿಸಬಾರದು ಅಂದಿದ್ದಾರೆ."

"ಕತ್ತರಿ ಬೇಡ, ಕಣ್ಣು ಸಾಕು."

ಮರಿ ಕೈಗವಸು ಹಾಕಿಕೊಂಡು ಹಾಳೆಯನ್ನು ಓರೆಯಾಗಿ ಎತ್ತಿದಳು. ಕಂದು ಬಣ್ಣಕ್ಕೆ ತಿರುಗಿದ ಹಳೆಯ ಕಾಗದ. ನಡುವೆ ಬೆರಳು ಗಾತ್ರದ ಒಣಕಡ್ಡಿ, ಅದರಿಂದ ಬಲಕ್ಕೆ ಬಾಗಿದ ಎರಡು ಕವಲು. ಹಸಿರು ಬಣ್ಣದ ದಾರದ ನಾಲ್ಕು ಹೊಲಿಗೆ.

ದೊಡ್ಡಮ್ಮ ತಲೆಯನ್ನು ಎಡಕ್ಕೆ ವಾಲಿಸಿದಳು, ಬಲಕ್ಕೆ ವಾಲಿಸಿದಳು. ಆಮೇಲೆ ಅವಳ ಮುಖದಲ್ಲಿ ನಗು ಹರಡಿತು.

"ಮರಿ, ಗೋಡೆಯಿಂದ ಹಳೇ ಫೋಟೋ ತೆಗೆದರೆ ಏನು ಉಳಿಯುತ್ತೆ?"

"ಅದರ ಗುರುತು. ಆ ಜಾಗ ಮಾತ್ರ ಬೇರೆ ಬಣ್ಣ."

"ನಲವತ್ತು ವರ್ಷ ಒಂದು ಗಿಡ ಒಂದೇ ಕಾಗದದ ಮೇಲೆ ಮಲಗಿದ್ರೆ?"

ಮರಿ ಕಣ್ಣು ಕಿರಿದು ಮಾಡಿದಳು. ಆಮೇಲೆ ಅವಳಿಗೂ ಕಂಡಿತು. ಕಾಗದದ ಮೇಲೆ, ಈಗಿನ ಕಡ್ಡಿಯ ಅಡಿಯಿಂದ ಇಣುಕುವ, ಮಾಸಲು ಕಂದು ನೆರಳು. ಆ ನೆರಳಿಗೆ ಕವಲು ಎರಡಲ್ಲ, ಮೂರು. ಮೂರೂ ಎಡಕ್ಕೆ ಬಾಗಿದ್ದವು. ನೆರಳಿನ ಉದ್ದಕ್ಕೂ ಸೂಜಿಯ ಹಳೆಯ ತೂತುಗಳು, ಒಂದರಲ್ಲೂ ದಾರವಿಲ್ಲ.

"ನೆರಳು ಒಬ್ಬರದು, ಮೈ ಇನ್ನೊಬ್ಬರದು," ಎಂದಳು ದೊಡ್ಡಮ್ಮ. "ಹಾಳೆ ಹಳೇದು, ಚೀಟಿ ಹಳೇದು, ಅಂಟಿನ ವಾಸನೆ ಮಾತ್ರ ಈ ವರ್ಷದ್ದು. ಈ ಕೋಣೆಯಲ್ಲಿ ಸೂಜಿ ಹಿಡಿಯೋ ಕೈ ಒಂದೇ. ಅಲ್ವಾ ಮೇಷ್ಟ್ರೇ?"

ಮೇಷ್ಟ್ರು ಕೂತರು. ಕೂತದ್ದಲ್ಲ, ಕುಸಿದರು. ಕುರ್ಚಿ ಇದ್ದದ್ದು ಪುಣ್ಯ.

"ಬೇಲಿಯೇ ಎದ್ದು ಹೊಲ ಮೇಯ್ತು ಅಮ್ಮ," ಎಂದರು.

ಮರಿ ನಂಬದವಳ ಹಾಗೆ ಅವರನ್ನೇ ನೋಡಿದಳು. ಹಾಳೆ ಹಿಡಿಯುವುದನ್ನು ಅವಳಿಗೆ ಕಲಿಸಿದವರು ಅವರು.

"ಈ ಹಾಳೆ ಹೋದ ವರ್ಷ ಬೇರೆ ಊರಿನವರು ನೋಡೋಕೆ ಅಂತ ತರಿಸಿಕೊಂಡಿದ್ರು. ವಾಪಸ್ ಬಂತು. ಹೊರಗಿಂದ ಬಂದ ಹಾಳೆಯನ್ನ ಒಂದು ವಾರ ಫ್ರೀಜರಿನಲ್ಲಿ ಇಡಬೇಕು, ಇಲ್ಲಾಂದ್ರೆ ಹುಳು ಒಳಗೆ ಬರುತ್ತೆ. ಈ ನಿಯಮ ಬರೆದವನೇ ನಾನು. ಆವತ್ತು ಮೊಮ್ಮಗಳ ಹುಟ್ಟಿದ ದಿನ. ಬಲೂನು ಊದೋಕೆ ತಾತನೇ ಬೇಕು ಅಂತ ಹಠ ಮಾಡಿದ್ಳು. ಕಟ್ಟನ್ನ ಹಾಗೇ ಬೀರುವಿಗೆ ಸೇರಿಸಿ ಓಡಿದೆ. ನಾಳೆ ತೆಗೆದು ಇಟ್ಟರಾಯ್ತು ಅಂದುಕೊಂಡೆ."

"ಮರೆತಿರಿ."

"ಮೂರು ತಿಂಗಳು. ಆಮೇಲೆ ಬಿಚ್ಚಿದರೆ ಗಿಡ ಇರಲಿಲ್ಲ ಅಮ್ಮ. ಹಿಟ್ಟು ಇತ್ತು. ನಲವತ್ತು ವರ್ಷ ಒಂದು ಹಾಳೆಗೂ ಹುಳು ಹತ್ತದ ಹಾಗೆ ನೋಡಿಕೊಂಡವನು. ಎಲ್ಲ ಬಿಟ್ಟು, ಜಗತ್ತಿಗೆ ಒಂದೇ ಒಂದು ಇದ್ದ ಈ ಗಿಡ..." ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು. ಅದು ಒರೆಸಿದಷ್ಟೂ ಮಂಜಾಯಿತು.

ದೊಡ್ಡಮ್ಮನಿಗೆ ಮರುಕ ಬಂತು. ಅದರ ಬೆನ್ನಿಗೇ ಕೋಪವೂ ಬಂತು, ಮರುಕಕ್ಕಿಂತ ಜೋರಾಗಿ.

"ಹುಳು ತಿಂದದ್ದು ಆಯ್ತು, ಅದು ತಪ್ಪು. ಆದರೆ ಈ ಹುಡುಗಿ ನಿನ್ನೆಯಿಂದ ಅನ್ನ ಬಿಟ್ಟು ಕೂತಿದ್ದಾಳೆ. ನಿಮ್ಮ ಎದುರಿಗೇ ಅತ್ತಳು. ನೀವು ಬಾಯಿಗೆ ಬೀಗ ಹಾಕ್ಕೊಂಡು ಬೀರು ಮುಚ್ಚುತ್ತಾ ಇದ್ದೀರಿ! ಅದು ತಪ್ಪಲ್ಲ ಮೇಷ್ಟ್ರೇ, ಪಾಪ."

"ನಾನು ಸುಮ್ಮನೆ ಕೂತಿಲ್ಲ ಅಮ್ಮ," ಎಂದು ಮೇಷ್ಟ್ರು ತಲೆ ಎತ್ತಿದರು. ಏನೋ ಹೇಳಲು ಹೋಗಿ ತಡೆದರು.

ಮರಿ ಬಾಯಿಬಿಟ್ಟದ್ದು ಆಗ. "ಅದೆಲ್ಲ ಆಮೇಲೆ. ಮೇಷ್ಟ್ರೇ, ನೀವು ಅಂಟಿಸಿದ್ದು ಯಾವ ಗಿಡ?"

ದೊಡ್ಡಮ್ಮನಿಗೆ ತಕ್ಷಣ ಅರ್ಥವಾಯಿತು. ಸುಳ್ಳಿನ ಆರೋಪವೇನೋ ತಪ್ಪುತ್ತದೆ. ಆದರೆ ಮೇಷ್ಟ್ರು ಅಂಟಿಸಿದ್ದು ದಾರಿಬದಿಯ ಯಾವುದೋ ಕಡ್ಡಿಯಾದರೆ, ಮರಿ ಮೂರು ವರ್ಷದ ಕೊನೆಗೆ ಕಂಡ ಆ ಒಂಟಿ ಕೊಂಬೆ ಅಲ್ಲಿಗೆ ಮುಗಿಯಿತು.

"ಯಾವ ಗಿಡ ಅಂದ್ರೆ?" ಮೇಷ್ಟ್ರಿಗೆ ಅವಮಾನವಾದಂತಿತ್ತು. "ಅದೇ ಗಿಡ ಕಣಮ್ಮ. ನೂರ ಹದಿನೇಳೇ."

"ಹುಳು ತಿಂದಿತು ಅಂದ್ರಲ್ಲ!"

"ಹಾಳೆ ಮೇಲಿದ್ದದ್ದನ್ನ ತಿಂದಿತು. ಈ ಗಿಡ ತಂದ ವರ್ಷ ನಾನು ಹೊಸದಾಗಿ ಕೆಲಸಕ್ಕೆ ಸೇರಿದ್ದೆ. ಬೆಟ್ಟದಿಂದ ತಂದದ್ದರಲ್ಲಿ ಹಾಳೆಗೆ ಹಿಡಿಸದ ಒಂದು ಕವಲು ಉಳೀತು. ಕುದಿಸೋಕೆ ಮರೆತು ಕಾಗದದ ಮಧ್ಯೆ ಬಿಟ್ಟಿದ್ರು. ತಿಂಗಳು ಬಿಟ್ಟು ಬಿಚ್ಚಿದೆ, ಕತ್ತಲಲ್ಲೇ ಚಿಗುರಿ ಕೂತಿತ್ತು! ಎಸೆಯೋಕೆ ಮನಸ್ಸು ಬರಲಿಲ್ಲ. ಬಣ್ಣದ ಡಬ್ಬದಲ್ಲಿ ಮಣ್ಣು ಹಾಕಿ ನೆಟ್ಟೆ. ಚಹಾ ಕೋಣೆಯ ಹಿಂದೆ ಈಗಲೂ ಇದೆ. ಅದರಿಂದಲೇ ಒಂದು ಕಡ್ಡಿ ಮುರಿದೆ. ಕುದಿಸಿದರೆ ಬಣ್ಣ ಹೋಗಿ ಹೊಸದು ಅಂತ ಗೊತ್ತಾಗುತ್ತೆ ಅಂತ, ಕುದಿಸದೆ ಇಸ್ತ್ರಿಪೆಟ್ಟಿಗೆಯಲ್ಲಿ ಒಣಗಿಸಿದೆ."

ಕುದಿಸದ ಹೊಸ ಕಡ್ಡಿಯಾದ್ದರಿಂದಲೇ ಡಿಎನ್‌ಎ ಅಷ್ಟು ಉದ್ದ ಸಿಕ್ಕಿದ್ದು ಎಂದು ಮರಿಗೆ ಈಗ ಹೊಳೆಯಿತು; ಹಾಳೆಯನ್ನು ಮೆಲ್ಲಗೆ ಮೇಜಿನ ಮೇಲಿಟ್ಟಳು.

"ಬದುಕಿದೆಯಾ?" ಎಂದಳು ಮರಿ, ಪಿಸುಮಾತಿನಲ್ಲಿ. "ಅದು ಬದುಕಿದೆಯಾ?"

"ಬದುಕಿದೆಯಾ ಅಂದ್ರೆ? ಹೋದ ತಿಂಗಳು ಹೂ ಬಿಟ್ಟಿತ್ತು. ಹೂ ಅನ್ನಬಾರದು, ಕಳ್ಳಿಯದು ಹೂವಲ್ಲ, ಸಣ್ಣ ಸಣ್ಣ ಹೂಗಳನ್ನ ಇಟ್ಟ ಬಟ್ಟಲು ಅಂತ ನೀನೇ ನನಗೆ ಪಾಠ ಹೇಳಿದ್ದೆಯಲ್ಲ. ಹ್ಞಾಂ, ಬಟ್ಟಲು ಬಿಟ್ಟಿತ್ತು."

ಮರಿ ನಕ್ಕಳು, ಅತ್ತಳು, ಯಾವುದು ಮೊದಲು ಬಂತೋ ಅವಳಿಗೇ ತಿಳಿಯಲಿಲ್ಲ. "ನಲವತ್ತು ವರ್ಷ ಯಾರಿಗೂ ಯಾಕೆ ಹೇಳಲಿಲ್ಲ ಮೇಷ್ಟ್ರೇ!"

"ಅದಕ್ಕೆ ಚೀಟಿ ಇರಲಿಲ್ಲ," ಎಂದರು ಮೇಷ್ಟ್ರು, ಅದಕ್ಕಿಂತ ಸಹಜವಾದ ಕಾರಣ ಇನ್ನೊಂದಿಲ್ಲ ಎಂಬಂತೆ. "ಚೀಟಿ ಇಲ್ಲದ ಗಿಡ ಇಲ್ಲಿ ಗಿಡವೇ ಅಲ್ಲ."

ದೊಡ್ಡಮ್ಮ ಆಗಲೇ ಸೆರಗು ಸಿಕ್ಕಿಸಿದ್ದಳು. "ಚೀಟಿ ಆಮೇಲೆ ಬರೆಯೋಣ. ನಡೀರಿ, ಆ ಡಬ್ಬ ತೋರಿಸಿ. ನಾಳೆ ಹನ್ನೊಂದಕ್ಕೆ ಸಮಿತಿಯ ಮೇಜಿನ ಮೇಲೆ ಬೇರುಸಮೇತ ಇಟ್ಟುಬಿಡೋಣ. ಅದರಿಂದಲೇ ಇನ್ನೊಂದು ಸಲ ಡಿಎನ್‌ಎ ತೆಗೆದು ನೋಡಿ ಅಂತ ಹೇಳು. ಅದೇ ಬಂದರೆ ಇನ್ನು ಯಾರು ಬಾಯಿ ಬಿಡ್ತಾರೆ ನೋಡೇ ಬಿಡೋಣ!"

ಮೂವರೂ ಎದ್ದ ರಭಸಕ್ಕೆ ಚಹಾ ಲೋಟ ಉರುಳಿತು. ಪುಣ್ಯಕ್ಕೆ ಖಾಲಿಯಿತ್ತು. ನಲವತ್ತು ವರ್ಷದಲ್ಲಿ ಮೊದಲ ಸಲ ಮೇಷ್ಟ್ರು ಹಾಳೆ ಕೋಣೆಗೆ ಬೀಗ ಹಾಕುವುದನ್ನೂ ಮರೆತು ಓಡಿದರು.

ಚಹಾ ಕೋಣೆಯ ಹಿಂದೆ ಕಿರಿದಾದ ಅಂಗಳ. ಒಡೆದ ಕುಂಡಗಳು, ಸೋರುವ ನಲ್ಲಿ, ಒಣಹಾಕಿದ ನೆಲ ಒರೆಸುವ ಬಟ್ಟೆ. ಗೋಡೆಯ ಬದಿಗೆ ತುಕ್ಕು ಹಿಡಿದ ಬಣ್ಣದ ಡಬ್ಬ.

ಡಬ್ಬದಲ್ಲಿ ಮಣ್ಣಿತ್ತು. ಮಣ್ಣಿನ ನಡುವೆ ಹೊಸದಾದ ಗುಂಡಿ ಇತ್ತು. ಗಿಡ ಇರಲಿಲ್ಲ.

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಮೇಷ್ಟ್ರು ಡಬ್ಬದ ಮುಂದೆ ಮಂಡಿಯೂರಿ ಮಣ್ಣು ಕೆದಕಿದರು. ಒಂದು ಬೇರಿನ ಎಳೆಯೂ ಸಿಗಲಿಲ್ಲ. "ಬೆಳಿಗ್ಗೆ ನೀರು ಹಾಕಿದ್ದೆ," ಎನ್ನುತ್ತಲೇ ಇದ್ದರು. "ಈ ಕೈಯಾರೆ ನೀರು ಹಾಕಿದ್ದೆ."

"ದೊಡ್ಡಮ್ಮ, ಇಲ್ಲಿ!" ಮರಿ ಡಬ್ಬದ ಅಂಚಿಗೆ ಬೆರಳು ತೋರಿಸಿದಳು. ಅಂಚಿನ ಮೇಲೆ, ಗೋಡೆಯ ಮೇಲೆ, ಬಿಳಿ ಹನಿಗಳು. "ಹಾಲು. ಇನ್ನೂ ಹೆಪ್ಪುಗಟ್ಟಿಲ್ಲ. ಕಿತ್ತು ಬಹಳ ಹೊತ್ತಾಗಿಲ್ಲ! ಎಳೆದ ರಭಸಕ್ಕೆ ಕವಲು ಮುರಿದು ಎದೆಮಟ್ಟ ಸಿಡಿದಿದೆ."

"ಇದರಲ್ಲೂ ನಿನ್ನ ಡಿಎನ್‌ಎ ಇರುತ್ತಾ?"

"ಸ್ವಲ್ಪ ಇರಬಹುದು. ತಾಳು!" ಎಂದು ಪ್ರಯೋಗಾಲಯಕ್ಕೆ ಓಡಿ, ಹತ್ತಿಯ ಕಡ್ಡಿ ಮತ್ತು ಮುಚ್ಚಳದ ಕೊಳವೆ ಹಿಡಿದು ಬಂದಳು. ಹನಿಗಳನ್ನು ಒಂದೊಂದಾಗಿ ಒತ್ತಿಕೊಂಡಳು. ಹತ್ತು ನಿಮಿಷವೇ ಹಿಡಿಯಿತು. "ಓದಿ ಮುಗಿಸೋಕೆ ಎರಡು ದಿನ ಬೇಕು ದೊಡ್ಡಮ್ಮ. ನಾಳೆ ಹನ್ನೊಂದಕ್ಕೆ ಆಗಲ್ಲ."

ದೊಡ್ಡಮ್ಮ ಮೇಷ್ಟ್ರ ಪಕ್ಕ ಕುಕ್ಕರುಗಾಲಲ್ಲಿ ಕೂತಳು. ಈಗ ಗದರಲಿಲ್ಲ. "ಮೇಷ್ಟ್ರೇ, ಈ ಡಬ್ಬದಲ್ಲಿರೋದು ಏನು ಅಂತ ನಿಮ್ಮನ್ನ ಬಿಟ್ಟು ಯಾರಿಗೆ ಗೊತ್ತು?"

"ನಲವತ್ತು ವರ್ಷ ಯಾರಿಗೂ ಗೊತ್ತಿರಲಿಲ್ಲ." ಮೇಷ್ಟ್ರು ಮಣ್ಣಾದ ಕೈ ನೋಡಿಕೊಂಡರು. "ಇವತ್ತು ಬೆಳಿಗ್ಗೆ ತಡೆಯೋಕಾಗದೆ ಒಬ್ಬರಿಗೆ ಹೇಳಿದೆ. ಹುಳು, ಡಬ್ಬ, ಎಲ್ಲಾ ಹೇಳಿದೆ. ಅವರು 'ನೀವು ಯಾರ ಹತ್ರನೂ ಬಾಯಿಬಿಡಬೇಡಿ, ನಾನು ನೋಡ್ಕೋತೀನಿ' ಅಂದ್ರು. ಅದಕ್ಕೇ ನಿಮ್ಮೆದುರು..."

"ಯಾರು ಅವರು?"

"ಇಲ್ಲಿದ್ದೀರಾ? ಇಡೀ ಕಟ್ಟಡ ಹುಡುಕಿದೆ!" ಮಾಲಿ ಕಪ್ಪು ಕನ್ನಡಕ ಸರಿಮಾಡಿಕೊಳ್ಳುತ್ತಾ ಬಂದ. ಮುಖ ಊದಿಸಿಕೊಂಡಿದ್ದ. "ಅಕ್ಕಾವ್ರೇ, ಸಭೆ ನಾಳೆ ಅಲ್ವಂತೆ. ಇವತ್ತೇ, ನಾಲ್ಕು ಗಂಟೆಗೆ. ಸಾಹೇಬರು ಹೇಳಿ ಕಳಿಸಿದ್ರು."

ಮರಿ ಕೈಗಡಿಯಾರ ನೋಡಿದಳು. ಮೂರು ಇಪ್ಪತ್ತು.

"ಯಾಕಂತೆ ಇಷ್ಟು ಅವಸರ?" ಎಂದಳು ದೊಡ್ಡಮ್ಮ.

"ಸಂಜೆ ಕಣ್ಣಿನ ಡಾಕ್ಟರ ಹತ್ರ ಹೋಗಬೇಕಂತೆ. ಎಲ್ಲಾ ನನ್ನ ತಲೆ ಮೇಲೆ ಬಂತು ನೋಡಿ! 'ನಿನ್ನ ಕಣ್ಣುಬೇನೆ ನನಗೂ ಅಂಟಿಸಿದೆ' ಅಂತ ಹಿಗ್ಗಾಮುಗ್ಗಾ ಬೈದ್ರು. ಈಗ ಕರೆಸೋವರೆಗೆ ನಾನು ಅವರ ಹತ್ರ ಹೋಗಿ ನಾಲ್ಕು ದಿನ ಆಗಿತ್ತು ಅಮ್ಮ! ಊಟದ ಹೊತ್ತಲ್ಲಿ ದೂರದಿಂದ ನೋಡಿದ್ದೆ, ಚೆನ್ನಾಗೇ ಇದ್ರು. ಈಗ ನೋಡಿದ್ರೆ ನಲ್ಲಿ ಕೆಳಗೆ ಮುಖ ಇಟ್ಟು ನೀರು ಬಿಟ್ಟುಕೊಂಡೇ ಇದ್ದಾರೆ. ಅದೂ ಬಲಗಣ್ಣು ಒಂದೇ."

ಮೇಷ್ಟ್ರು ನಿಧಾನವಾಗಿ ತಲೆ ತಗ್ಗಿಸಿದರು. ದೊಡ್ಡಮ್ಮ ಕೇಳಿದ್ದ ಪ್ರಶ್ನೆಗೆ ಉತ್ತರ ಸಿಕ್ಕಿತ್ತು.

ಮರಿಯ ಮುಖ ಬಿಳಿಚಿತು. ತೀರ್ಪು ಕೊಡುವವರು ಅವರೇ.

"ಹೆದರಬೇಡ," ಎಂದು ದೊಡ್ಡಮ್ಮ ಅವಳ ತೋಳು ಹಿಡಿದಳು. ಅವಳ ಕಣ್ಣು ಮಿನುಗುತ್ತಿತ್ತು. ದೊಡ್ಡ ಸಾಮಾನಿನ ವಾರಸುದಾರ ಸಿಕ್ಕಾಗ ಮಿನುಗುತ್ತಿದ್ದ ಹಾಗೆ. "ಡಬ್ಬದ್ದು ಹೋದರೆ ಹೋಗಲಿ. ಹಾಳೆಯಲ್ಲಿ ಅದೇ ಗಿಡ ಇದೆ, ಹಳೇ ನೆರಳಿದೆ, ಸೂಜಿ ತೂತಿದೆ. ಮೇಷ್ಟ್ರು ಬಾಯಿಬಿಟ್ಟು ಹೇಳ್ತಾರೆ. ನಾಲ್ಕು ಗಂಟೆಗೆ ನಾವೇ ಆ ಹಾಳೆ ಎತ್ತಿಕೊಂಡು ಹೋಗಿ ಎಲ್ಲರ ಮುಂದೆ ಬೆಳಕಿಗೆ ಹಿಡಿಯೋಣ."

"ಯಾವುದು, ಆ ನೂರ ಹದಿನೇಳಾ?" ಎಂದ ಮಾಲಿ, ಸಹಾಯ ಮಾಡಿದ ಖುಷಿಯಲ್ಲಿ. "ಅದನ್ನ ನೀವು ಹೊರಬೇಕಾಗಿಲ್ಲ. ಸಾಹೇಬರು ತರೋಕೆ ಹೇಳಿದ್ರು. ಬಾಗಿಲು ತೆಗೆದೇ ಇತ್ತು, ಮೇಜಿನ ಮೇಲೇ ಇತ್ತು. ಆಗಲೇ ಅವರ ಕೈಗೆ ಕೊಟ್ಟು ಬಂದೆ. ಒಳಗಿಂದ ಚಿಲಕ ಹಾಕ್ಕೊಂಡ್ರು."

'ನಿಮ್ಮ ಸಾಮಾನಿನ ಮೇಲೆ ನೀವೇ ಗಮನವಿಡಿ' ಎಂಬ ಬೋರ್ಡಿನ ಕೆಳಗೆ ಮೂವತ್ತೊಂದು ವರ್ಷ ಕೂತಿದ್ದ ದೊಡ್ಡಮ್ಮ, ಮೊದಲ ಮಹಡಿಯಲ್ಲಿದ್ದ ಸಾಹೇಬರ ಕೋಣೆಯ ಮುಚ್ಚಿದ ಕಿಟಕಿಯತ್ತ ತಲೆ ಎತ್ತಿದಳು. ಅಲ್ಲಿಂದ ನಲ್ಲಿಯ ನೀರು ಬೀಳುವ ಸದ್ದು ಕೇಳುತ್ತಿತ್ತು. ಅದು ನಿಂತಿತು.